ಬಿಲ್ಲೆ ಬರುವ ತನಕ

ಅಂದು ಮನೆಯಲ್ಲಿ ಕರೆಂಟು ಹೋದದ್ದು ಮೊದಲೋ, ರೈಲಿನಲ್ಲಿ ನೆಟ್‌ವರ್ಕ್ ಹೋದದ್ದು ಮೊದಲೋ, ಈಗ ನನಗೆ ಖಚಿತವಿಲ್ಲ. ಹೇಳುವಾಗ ಪ್ರತಿ ಸಲ ಕರೆಂಟನ್ನೇ ಮೊದಲು ಇಡುತ್ತೇನೆ. ಹಾಗಿಟ್ಟರೆ ಕಥೆ ಸಲೀಸಾಗಿ ಉರುಳುತ್ತದೆ. ಸಲೀಸಾಗಿ ಉರುಳುವ ನೆನಪನ್ನು ಕಂಡರೆ ನನಗೆ ಅನುಮಾನ. ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ: ಚಾಂಪಿಯನ್ ರೀಫ್ಸಿನ ನಮ್ಮ ಲೈನ್‌ಮನೆಯಲ್ಲಿ ಕರೆಂಟಿರಲಿಲ್ಲ. ಟೇಕಲ್ ಹತ್ತಿರ ಎಲ್ಲೋ ನಿಂತಿದ್ದ ರೈಲಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಂಚದ ಮೇಲೆ ಅಪ್ಪ ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತದೆ ಎಂದು.

ಅಪ್ಪ ಚಿನ್ನದ ಗಣಿಯಲ್ಲಿದ್ದವರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಗಣಿಯ ಧೂಳು ಮಾತ್ರ ಅವರ ಶ್ವಾಸಕೋಶದಲ್ಲಿ ಉಳಿದುಕೊಂಡಿತು. ಹಗಲೂ ರಾತ್ರಿ ಅವರ ಮೂಗಿಗೆ ಒಂದು ಆಕ್ಸಿಜನ್ ಮಷೀನಿನ ಕೊಳವೆ. ಮಷೀನಿಗೆ ಕರೆಂಟು ಬೇಕು. ಕರೆಂಟು ಹೋದರೆ ಮೂಲೆಯಲ್ಲಿರುವ ಸಿಲಿಂಡರಿಗೆ ಕೊಳವೆ ಬದಲಾಯಿಸುತ್ತೇವೆ. ಅಂದು ಬೆಳಗಿನಿಂದ ಲೈನ್ ಕೆಲಸವೆಂದು ಕರೆಂಟು ತೆಗೆದಿದ್ದರು. ಸಿಲಿಂಡರಿನ ಮುಳ್ಳು ಕೆಂಪು ಬಣ್ಣದ ಒಳಗೆ ಕಾಲಿಟ್ಟಿತ್ತು.

ಹೊಸ ಸಿಲಿಂಡರ್ ಬರಬೇಕಾದದ್ದು ಬಂಗಾರಪೇಟೆಯ ಡಿಪೋದಿಂದ. ಅದನ್ನು ಕಳಿಸುವ ವ್ಯವಸ್ಥೆ ನಡೆಸುತ್ತಿದ್ದ ಸಣ್ಣ ಕಂಪನಿಯಲ್ಲೇ ನನ್ನ ಕೆಲಸ. ಮನೆಯಿಂದ ಯಾರಾದರೂ ಮೊಬೈಲಿನಲ್ಲಿ ಸಿಲಿಂಡರ್ ಕೇಳಿದರೆ ಅದು ನಮ್ಮ ಸರ್ವರಿಗೆ ಬರುತ್ತದೆ. ಸರ್ವರ್ ಒಂದು ಕೋಡ್ ಹುಟ್ಟಿಸಿ ಡಿಪೋಗೂ ವ್ಯಾನಿನ ಡ್ರೈವರಿಗೂ ಕಳಿಸುತ್ತದೆ. ಕೋಡ್ ತೋರಿಸಿದರೆ ಮಾತ್ರ ಗೇಟು ತೆಗೆಯುತ್ತದೆ. ಆ ಸರ್ವರುಗಳು ಇರುವುದು ಕ್ಲೌಡಿನಲ್ಲಿ, ಅಂದರೆ ನಾನು ಎಂದೂ ನೋಡದ ಯಾವುದೋ ಊರಿನ ಯಾರದೋ ಕಟ್ಟಡದಲ್ಲಿ. ಅವನ್ನು ಕಟ್ಟುವುದು, ಕೆಡವುವುದು, ಬದಲಾಯಿಸುವುದು ಎಲ್ಲವೂ ಲ್ಯಾಪ್‌ಟಾಪಿನ ಒಂದು ಕಪ್ಪು ಕಿಟಕಿಯಿಂದ. ಏನೇನು ಬೇಕೆಂದು ಬರೆದಿಟ್ಟು ಒಂದು ಸಾಲಿನ ಆಜ್ಞೆ ಟೈಪ್ ಮಾಡಿದರೆ, ಈಗ ಇರುವುದಕ್ಕೂ ನಾವು ಬರೆದದ್ದಕ್ಕೂ ಏನು ವ್ಯತ್ಯಾಸ ಎಂದು ಆ ಟೂಲ್ ಮೊದಲು ತೋರಿಸುತ್ತದೆ. ಹುಟ್ಟಬೇಕಾದ್ದರ ಮುಂದೆ ಕೂಡುವ ಚಿಹ್ನೆ, ಸಾಯಬೇಕಾದ್ದರ ಮುಂದೆ ಕಳೆಯುವ ಚಿಹ್ನೆ. ಆಮೇಲೆ, ಮಾಡಲೇ, ಎಂದು ಕೇಳುತ್ತದೆ.

ಇಬ್ಬರು ಒಟ್ಟಿಗೆ ಕೈಹಾಕಿದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಒಬ್ಬರು ಕೆಲಸ ಶುರು ಮಾಡಿದ ಕೂಡಲೇ ಟೂಲ್ ಲಾಕ್ ಹಾಕಿಕೊಳ್ಳುತ್ತದೆ. ಅವರು ಮುಗಿಸಿ ಹೊರಬರುವ ತನಕ ಬೇರೆ ಯಾರಿಗೂ ಪ್ರವೇಶವಿಲ್ಲ.

ಅಂದು ಆ ಲಾಕಿನಲ್ಲಿ ಇದ್ದದ್ದು ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಹೆಸರು. ಬಂಗಾರಪೇಟೆಗೆ ಹತ್ತಿರದ ಹಳ್ಳಿಯವಳು. ಬೆಳಿಗ್ಗೆ ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ಲ್ಯಾಪ್‌ಟಾಪ್ ಚೀಲದಿಂದ ಸಗಣಿಯ ವಾಸನೆ ಬರುತ್ತಿದೆಯೇ ಎಂದು ಮೂಸಿ ನೋಡಿ, ಬೆಂಗಳೂರಿನ ರೈಲು ಹತ್ತುವವಳು. ಸೀಟು ಸಿಕ್ಕಿದ ದಿನ ರೈಲಿನಲ್ಲೇ ಕೆಲಸ ಶುರು. ಅಂದೂ ಸೀಟು ಸಿಕ್ಕಿತ್ತು. ಬುಕಿಂಗ್ ಸರ್ವರನ್ನು ಹೊಸದಕ್ಕೆ ಬದಲಾಯಿಸುವ ಕೆಲಸ. ಹಳೆಯದು ಇಳಿದಿತ್ತು, ಹೊಸದು ಇನ್ನೂ ಏರಿರಲಿಲ್ಲ. ಆ ಸಂದಿಯಲ್ಲಿ ರೈಲು ಬಂಡೆಗಳ ನಡುವೆ ಹೋಗಿ ನಿಂತಿತು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಕಂಡದ್ದು ಇಷ್ಟೇ: ಅಪ್ಪನಿಗಾಗಿ ಸಿಲಿಂಡರ್ ಕೇಳಿದೆ, ಮೊಬೈಲಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಲಾಕ್. ಅವಳ ಹೆಸರು. ಅವಳಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬೇರೊಬ್ಬಳು ಹೇಳಿದಳು.

ಡಿಪೋಗೆ ಫೋನ್ ಮಾಡಿದೆ.

"ಆಟೋ ಕಳಿಸ್ತೀನಿ, ಒಂದು ಸಿಲಿಂಡರ್ ಹಾಕಿ ಕೊಡ್ರಿ."

"ಕೋಡ್ ಏಳಿ ಸಾರ್."

"ಕೋಡ್ ಬರ್ತಿಲ್ಲ. ಅದೇ ಕೆಟ್ಟಿರೋದು."

"ಕೋಡಿಲ್ದೆ ಗೇಟು ತೆಗಿಯಾಕಿಲ್ಲ ಸಾರ್. ನೀವೇ ಅಲ್ವ್ರಾ ಓದ್ ವರ್ಸ ಬಂದು ಬೋರ್ಡು ಬರ್ಸಿದ್ದು? ನನ್ ತಮ್ಮ ಬಂದ್ರೂ ಕೊಡ್ಬ್ಯಾಡಿ ಅಂತ ನಗ್ತಾ ಏಳಿದ್ರಿ."

ಹೇಳಿದ್ದೆ. ಯಾರೋ ಸಿಲಿಂಡರುಗಳನ್ನು ಕಳ್ಳದಾರಿಯಲ್ಲಿ ಸಾಗಿಸುತ್ತಿದ್ದರು ಎಂದು ಆ ಕಟ್ಟು ಮಾಡಿದ್ದೆವು. ಆತ ತಪ್ಪೇನೂ ಮಾಡುತ್ತಿರಲಿಲ್ಲ.

ಪಕ್ಕದ ಮನೆಯ ಅಕ್ಕ ಬಂದಿದ್ದರು. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಅಪ್ಪನಿಗೆ ಗಾಳಿ ಹಾಕುತ್ತಿದ್ದರು. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ.

"ತಂಬಿ, ಆ ಡಬ್ಬೀಲಿ ಕರೆಂಟ್ ಐತಲ್ಲಾ, ಲೈಟ್ ಎರೀತೈತೆ. ಅದ್ರಿಂದ ಒಂದ್ ವೈರ್ ಎಳ್ದು ಅಪ್ಪನ್ ಮಷೀನ್‌ಗೆ ಕೊಡಪ್ಪಾ."

"ಅದು ಸಾಕಾಗಲ್ಲಕ್ಕಾ."

"ಸಾಕಾಗಲ್ವಾ? ಆಮೇಲೆ ಯಾತಕ್ಕಪ್ಪಾ ಅದು, ಅಷ್ಟೊತ್ತಿಂದ ಅದ್ನೇ ಕುಟ್ತಾ ಇದ್ದೀಯ!"

ಬೆಂಗಳೂರಿನಿಂದ ನಮ್ಮ ಮ್ಯಾನೇಜರ್ ಫೋನ್ ಮಾಡಿದರು. ಎಲ್ಲ ಊರುಗಳಿಂದಲೂ ದೂರು ಬರುತ್ತಿದೆ, ಲಾಕ್ ಒಡೆಯಿರಿ ಎಂದರು. ಲಾಕನ್ನು ಬಲವಂತವಾಗಿ ತೆಗೆಯಲು ಒಂದು ಆಜ್ಞೆಯಿದೆ. ಒಳಗೆ ಯಾರೂ ಇಲ್ಲವೆಂದು ಖಚಿತವಾದರೆ ಮಾತ್ರ ಬಳಸಬೇಕಾದದ್ದು.

"ಅವಳು ಒಳಗಿದ್ರೆ?" ಎಂದೆ.

"ಒಳಗೆ ಅಂದ್ರೆ ಎಲ್ಲಿ? ಅವಳು ರೈಲಲ್ಲಿದ್ದಾಳೆ ರೀ!"

"ಅವಳ ಕೆಲಸ ಇನ್ನೂ ನಡೀತಿದ್ರೆ? ನಾನು ಒಡೆದಾಗಲೇ ಅವಳಿಗೆ ನೆಟ್‌ವರ್ಕ್ ಬಂದ್ರೆ ಇಬ್ಬರೂ ಒಟ್ಟಿಗೆ ಬರೀತೀವಿ. ಇರೋ ಬುಕಿಂಗೆಲ್ಲ ಹಾಳಾಗುತ್ತೆ."

"ಸಾಧ್ಯತೆ ಕಡಿಮೆ. ಒಡೀರಿ."

ಕಡಿಮೆಯೇ. ನನಗೂ ಗೊತ್ತಿತ್ತು. ಕೈ ಏಳಲಿಲ್ಲ. ಏಕೆ ಏಳಲಿಲ್ಲ ಎನ್ನುವುದಕ್ಕೆ ಗಣಿಯ ಬಾಯಿಗೆ ಹೋಗಬೇಕು. ಹಳೆಯದನ್ನು ಎಳೆದು ತರುವುದು ನನಗೆ ಇಷ್ಟವಿಲ್ಲ, ಆದರೂ ಹೋಗಬೇಕು.

ಕೆಲವು ವರ್ಷ ಕೆಳಗೆ ಬಂಡೆ ಕೊರೆದ ಮೇಲೆ, ಗಣಿಗೆ ಇಳಿಯುವ ಶಾಫ್ಟಿನ ಬಾಯಲ್ಲಿ ಅಪ್ಪನಿಗೆ ಸಿಕ್ಕಿದ್ದು ಬಿಲ್ಲೆಯ ಕೆಲಸ. ಕೆಳಗಿಳಿಯುವ ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುವುದು, ಶಿಫ್ಟು ಮುಗಿದು ಮೇಲೆ ಬಂದಾಗ ವಾಪಸು ಪಡೆದು ಹಲಗೆಯ ಮೊಳೆಗೆ ನೇತುಹಾಕುವುದು. ಮೊಳೆ ಖಾಲಿಯಿದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ. ಬಿಲ್ಲೆ ಬರುವ ತನಕ ಹಲಗೆಯ ಬಾಗಿಲು ಮುಚ್ಚುವ ಹಾಗಿಲ್ಲ, ಅಪ್ಪ ಮನೆಗೆ ಹೊರಡುವ ಹಾಗಿಲ್ಲ. ಅಪ್ಪ ತಡವಾಗಿ ಬಂದ ದಿನ ಅಮ್ಮ ಅನ್ನದ ಮೇಲೆ ತಟ್ಟೆ ಮುಚ್ಚುತ್ತಾ "ಬಿಲ್ಲೆ ಬಂದಿಲ್ಲ" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆ ಮಾತು ಎಲ್ಲದಕ್ಕೂ ನಡೆಯುತ್ತಿತ್ತು. ನಾನು ಶಾಲೆಯಿಂದ ತಡವಾಗಿ ಬಂದರೂ ಬಾಗಿಲಿಗೆ ಚಿಲಕ ಬೀಳುತ್ತಿರಲಿಲ್ಲ, ಬಿಲ್ಲೆ ಬಂದಿಲ್ಲ.

ಹೀಗೆ ಬೆಳೆದವನ ಮುಂದೆ ಪರದೆ ಒಂದು ಹೆಸರು ತೋರಿಸಿ, ಇವಳು ಒಳಗಿದ್ದಾಳೆ ಅನ್ನುತ್ತಿತ್ತು. ಬೇರೆ ಊರಿನ ಯಾರಾದರೂ ಆಗಿದ್ದರೆ ಆ ಆಜ್ಞೆಯನ್ನು ಕೊಟ್ಟು ಮುಗಿಸುತ್ತಿದ್ದರು. ನಾನು ಫೋನಿನ ಮೇಲೆ ಫೋನ್ ಮಾಡುತ್ತಾ ಕೂತೆ. ಸಿಲಿಂಡರ್ ಹೆಚ್ಚು ಹೊತ್ತು ಬರಲಿ ಎಂದು ಗಾಳಿಯ ತಿರುಪನ್ನು ಇನ್ನಷ್ಟು ಇಳಿಸಿದೆ. ಅಪ್ಪನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತೆ ಆಯಿತು.

"ಯಾಕ್ಲಾ, ಸಿಲಿಂಡ್ರು ಬರಾಕಿಲ್ವಾ?" ಎಂದರು ಅಪ್ಪ.

"ಬರ್ತದಪ್ಪಾ. ಒಬ್ಬಳು ಲಾಕ್ ಹಾಕ್ಕೊಂಡು ಒಳಗಿದ್ದಾಳೆ. ಬಂದ್ಮೇಲೆ ಆಗ್ತದೆ."

"ಒಳ್ಗೆ ಅಂದ್ರೆ ಎಲ್ಲಿ?"

"ಬಿಲ್ಲೆ ಬಂದಿಲ್ಲಪ್ಪಾ," ಎಂದೆ.

ಆಗ ಅವರು ಮಾಡಿದ್ದು ನಗು ಎಂದು ನಾನು ಅಂದುಕೊಂಡೆ. ಕೆಮ್ಮು ಇದ್ದರೂ ಇರಬಹುದು. ಒಂದೊಂದು ಮಾತಿಗೂ ನಿಲ್ಲುತ್ತಾ, ಅಕ್ಕನ ತೋಳು ಹಿಡಿದುಕೊಂಡು ಹೇಳಿದರು:

"ಬಿಲ್ಲೆ ಬರ್ದೇ ಇದ್ರೆ... ಕಾಯ್ತಿದ್ವಿ ಅಂತ... ಯಾವನ್ಲಾ ಏಳಿದ್ದು ನಿಂಗೆ?"

"ನೀನೇ ಹೇಳಿದ್ದಲ್ಲಪ್ಪಾ."

"ಬೀಡಿ ಮುಗಿಯೋಗಂಟ ಕಾಯ್ತಿದ್ವಿ ಕಣ್ಲಾ... ಆಮ್ಯಾಕೆ ಖಾಲಿ ಮೊಳೆಗೆ... ಬ್ಯಾರೆ ಬಿಲ್ಲೆ ತಗುಲಾಕಿ... ಮುಚ್ಚ್ಬುಟ್ಟು ಬತ್ತಿದ್ವಿ. ಬಿಲ್ಲೇನ ಜೇಬಲ್ಲಿಟ್ಕಂಡು ಮನೆಗೋಗಿರ್ತಾನೆ ಅಂತ."

"ಹೋಗಿರ್ತಿದ್ರಾ?"

ಅಪ್ಪ ಉಸಿರಿಗಾಗಿ ಬಾಯಿ ತೆರೆದರು, ಮುಚ್ಚಿದರು.

"ಒಬ್ಬ ಓಗಿರ್ಲಿಲ್ಲ," ಎಂದರು. ಲ್ಯಾಪ್‌ಟಾಪಿನತ್ತ ಗಲ್ಲ ಎತ್ತಿ, "ಒಡೀಲಾ ಅದ್ನ," ಎಂದರು.

ಅಕ್ಕ ಗಾಳಿ ಹಾಕುವುದನ್ನು ನಿಲ್ಲಿಸಿದ್ದರು. ಸಿಲಿಂಡರಿನ ಸದ್ದು ಕೇಳಿಸುತ್ತಿರಲಿಲ್ಲ. ಅಂದರೆ ಮುಗಿದಿತ್ತು.

ಒಡೆದೆ. ಲಾಕಿನ ಉದ್ದನೆಯ ಗುರುತಿನ ಸಂಖ್ಯೆಯನ್ನು ನಕಲು ಮಾಡಿ ಆಜ್ಞೆಗೆ ಅಂಟಿಸಿದೆ. ಖಚಿತವೇ ಎಂದು ಟೂಲ್ ಕೇಳಿತು. ಅದಕ್ಕೆ 'ಯೆಸ್' ಎಂದು ಪೂರ್ತಿಯಾಗಿ ಬರೆಯಬೇಕು, ಬೇರೇನೂ ಒಪ್ಪುವುದಿಲ್ಲ. ಮೂರು ಅಕ್ಷರಗಳನ್ನು ತಪ್ಪಾಗಿ ಒತ್ತಿದೆ. ರದ್ದಾಯಿತು ಎಂದಿತು. ಮತ್ತೆ ಅಂಟಿಸಿ ಮತ್ತೆ ಬರೆದೆ. ಲಾಕ್ ಹೋಯಿತು. ಅವಳ ಹೆಸರೂ ಹೋಯಿತು.

ಆಮೇಲೆ ವ್ಯತ್ಯಾಸ ತೋರಿಸುವಂತೆ ಕೇಳಿದೆ. ಕಳೆಯುವ ಚಿಹ್ನೆಯ ಸಾಲುಗಳನ್ನು ಬೆರಳಿಟ್ಟು ಓದಿದೆ, ಬುಕಿಂಗುಗಳಿರುವ ಡೇಟಾಬೇಸ್ ಅದರಲ್ಲಿದ್ದರೆ ಎಲ್ಲ ಮುಗಿಯಿತು. ಇರಲಿಲ್ಲ. ಹೊಸ ಸರ್ವರ್ ಒಂದೇ ಹುಟ್ಟಬೇಕಾಗಿತ್ತು. ಇನ್ನೊಂದು 'ಯೆಸ್'. ಆಮೇಲೆ ಆ ಟೂಲಿನ ಅತ್ಯಂತ ಕ್ರೂರವಾದ ಸಾಲು ಬರತೊಡಗಿತು: ಇನ್ನೂ ಕಟ್ಟುತ್ತಿದ್ದೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ, ಇನ್ನೂ ಕಟ್ಟುತ್ತಿದ್ದೇನೆ. ಅದನ್ನು ಬೇಗ ಮಾಡಿಸುವ ಆಜ್ಞೆ ಯಾವುದೂ ಇಲ್ಲ. ಅಕ್ಕ ಅಪ್ಪನನ್ನು ಮುಂದಕ್ಕೆ ಬಾಗಿಸಿ ದಿಂಬಿನ ಮೇಲೆ ಕೈಯೂರಿಸಿ, ಬೆನ್ನು ಉಜ್ಜುತ್ತಾ "ಮೂಚ್ಚು ವಿಡಪ್ಪಾ, ಉಸ್ರು ಬಿಡು, ಬಿಡು," ಅನ್ನುತ್ತಿದ್ದರು.

ಆ ದಿನಕ್ಕೂ ಹೀಗೊಂದು ವ್ಯತ್ಯಾಸದ ಪಟ್ಟಿ ತೆಗೆದರೆ ಬರುವುದು ಇದು:

+ ಕಿಟಕಿಯಾಚೆ ಗಣಿಯ ಕಸದ ಸಯನೈಡ್ ದಿಬ್ಬದಿಂದ ಬಿಳಿ ಧೂಳು ಏಳುತ್ತಿತ್ತು
+ ನನ್ನ ಕೈ ನಡುಗಲಿಲ್ಲ
- ನಿಲ್ಲಿಸು, ಮಾತಾಡಬೇಡ ಎಂದು ಅಪ್ಪನ ಮೇಲೆ ಕೂಗಿದ್ದು
- ಆ ಒಬ್ಬ ಯಾರು ಎಂದು ಆಗಲೇ ಕೇಳಬೇಕೆನಿಸಿದ್ದು

ಮೊದಲ ಎರಡನ್ನು ಹೇಳುವಾಗ ನಾನು ಸೇರಿಸಿದ್ದೇನೆ. ಉಳಿದೆರಡನ್ನು ಬಹಳ ದಿನ ಅಳಿಸಿಟ್ಟಿದ್ದೆ.

ಸರ್ವರ್ ಎದ್ದಿತು. ಕೋಡ್ ಬಂತು. ಡಿಪೋದವನೇ ಫೋನ್ ಮಾಡಿ, "ಬಂತು ಸಾರ್, ಗಾಡಿ ಬಿಟ್ಟೆ," ಎಂದ. ಬಂಗಾರಪೇಟೆಯಿಂದ ನಮ್ಮ ಬೀದಿಗೆ ವ್ಯಾನ್ ಬರುವ ತನಕ ನಾನು ಏನು ಮಾಡಿದೆ ಎಂದು ಅಕ್ಕನನ್ನು ಕೇಳಿದ್ದೇನೆ. ಬಾಗಿಲಲ್ಲಿ ನಿಂತಿದ್ದೆ ಅನ್ನುತ್ತಾರೆ. ನನಗೆ ಅಪ್ಪನ ಕಾಲಿನ ಬೆರಳುಗಳು ಮಾತ್ರ ನೆನಪಿವೆ. ಅವು ನೆಲವನ್ನು ಹಿಡಿಯಲು ನೋಡುತ್ತಿದ್ದವು. ಡ್ರೈವರ್ ಸಿಲಿಂಡರನ್ನು ಉರುಳಿಸಿಕೊಂಡೇ ಒಳಗೆ ತಂದ. ಕೊಳವೆ ಕೂಡಿಸಿ ತಿರುಪು ತೆಗೆದಾಗ ಆ ಸಣ್ಣ ಸದ್ದು ಬಂತು, ಬಹಳ ಹೊತ್ತಿನ ಮೇಲೆ ಅಪ್ಪನ ಬೆರಳುಗಳು ಸುಮ್ಮನಾದವು.

ಹುಡುಗಿ ಮಾಲೂರಿನಿಂದ ಫೋನ್ ಮಾಡಿದಳು.

"ಅಣ್ಣಾ, ನೆಟ್‌ವರ್ಕ್ ಬಂತು ಅಂತ ನೋಡ್ತೀನಿ, ನನ್ ಲಾಕೇ ಇಲ್ಲ! ಬದುಕಿರೋಳ್ನ ಒಳಗೇ ಬಿಟ್ಟು ಮುಚ್ಬುಟ್ಯಲ್ಲಣ್ಣಾ!"

ಅವಳು ನಗುತ್ತಿದ್ದಳು. ಹಿಂದೆ ಕಡಲೆಕಾಯಿ ಮಾರುವವನ ಕೂಗು. ನಾನು ಅವಳಿಗೆ ಏನೋ ಹೇಳಿದೆ. ಏನು ಹೇಳಿದೆನೋ, ಅವಳು ನಗು ನಿಲ್ಲಿಸಿದಳು.

ಕರೆಂಟು ಬಂದ ಮೇಲೆ, ಮಷೀನು ಮತ್ತೆ ಗುಂಯ್ ಅನ್ನತೊಡಗಿದ ಮೇಲೆ, ಅಪ್ಪ ಎರಡು ತುತ್ತು ಮುದ್ದೆ ನುಂಗಿದರು. ಆಗ ಕೇಳಿದೆ.

"ಅಪ್ಪಾ, ಮನೆಗೆ ಹೋಗದೆ ಇದ್ದವನು ಯಾರು?"

"ಯಾವನು?"

"ಬಿಲ್ಲೆ ಬರದೆ ಇದ್ದವನು. ನೀವೆಲ್ಲ ಮುಚ್ಚಿಬಿಟ್ಟು ಬಂದಿರಲ್ಲ."

"ಯಾವನ್ಲಾ ಏಳಿದ್ದು ನಿಂಗೆ? ಒಂದ್ ದಿನಾನೂ ಅಂಗಾಗಿಲ್ಲ. ಎಲ್ಲಾ ಬಿಲ್ಲೇನೂ ಬಂದವೆ."

ಅಕ್ಕನ ಮುಖ ನೋಡಿದೆ. ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಉಸಿರಿಲ್ಲದಾಗ ಹೇಳಿದ್ದು ನಿಜವೋ, ಉಸಿರು ಬಂದ ಮೇಲೆ ಹೇಳಿದ್ದು ನಿಜವೋ, ತಿಳಿಯುವ ದಾರಿಯಿಲ್ಲ. ಏಳದ ನನ್ನ ಕೈಯನ್ನು ಲಾಕಿನ ಮೇಲೆ ಎತ್ತಿಸಲು ಅಪ್ಪ ಆ ಗಳಿಗೆಯಲ್ಲಿ ಒಬ್ಬ ಸತ್ತವನನ್ನು ಮಾತಿನಲ್ಲೇ ಕಟ್ಟಿದರೇ? ಅಥವಾ ಅಷ್ಟು ವರ್ಷ ನಮಗಾಗಿ ಕಟ್ಟಿಟ್ಟ ಹಲಗೆ ಅಂದು ಬಿದ್ದುಹೋಯಿತೇ? ಆಮೇಲೂ ಕೇಳಿದ್ದೇನೆ. ಒಂದೇ ಉತ್ತರ. ಮತ್ತೆ ಮತ್ತೆ ಕೇಳಿದರೆ ಅವರಿಗೆ ಕೆಮ್ಮು ಬರುತ್ತದೆ, ಬಿಡುತ್ತೇನೆ.

ಅಂದು ಮಲಗಲು ದಿಂಬು ಸರಿಮಾಡುತ್ತಿದ್ದಾಗ ಅವರೇ ನನ್ನ ಕೈ ಹಿಡಿದು ನಿಲ್ಲಿಸಿದರು.

"ಆ ಉಡ್ಗಿ ಮೇಲಕ್ ಬಂದ್ಲಾ?"

"ಬಂದಳಪ್ಪಾ. ಮಾಲೂರಿನಿಂದ ಫೋನ್ ಮಾಡಿದ್ದಳು."

"ನೀನ್ ನೋಡ್ದಾ?"

"ನೋಡಲಿಲ್ಲ. ಮಾತಾಡಿದೆ."

ಅಪ್ಪ ಕೈ ಬಿಡಲಿಲ್ಲ. "ನೋಡ್ಬೇಕು ಕಣ್ಲಾ," ಎಂದರು.

ಮರುದಿನ ಬೆಳಿಗ್ಗೆ ಅಕ್ಕನನ್ನು ಅಪ್ಪನ ಬಳಿ ಕೂರಿಸಿ ನಾನು ಬಂಗಾರಪೇಟೆ ಸ್ಟೇಷನ್ನಿಗೆ ಹೋದೆ. ಬೆಂಗಳೂರಿನ ರೈಲಿಗೆ ಕಾಯುವ ಜನರ ನಡುವೆ ಅವಳು ಲ್ಯಾಪ್‌ಟಾಪ್ ಚೀಲವನ್ನು ಮೂಗಿಗೆ ಹಿಡಿದು ಮೂಸುತ್ತಾ ನಿಂತಿದ್ದಳು.