ಅಮ್ಮನ ಪ್ಲೇಟು, ಭಾವನ ಫೈಲು

ಆ ಫೈಲು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಮ್ಮ ಮದುವೆಗೆ ಮೊದಲು ಹಾಡಿದ್ದ ಒಂದೇ ಒಂದು ಗ್ರಾಮಫೋನ್ ಪ್ಲೇಟು ನಮ್ಮಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಭಾವ, ಅಂದರೆ ನನ್ನ ಅಕ್ಕನ ಗಂಡ, ತಾವೇ ವಹಿಸಿಕೊಂಡರು. ಕ್ಯುಪರ್ಟಿನೋ ಊರಿನ ಅವರ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಇಟ್ಟು, ನೆಂಟರಿಷ್ಟರ ಮುಂದೆ ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಹಾಡು ಎಳೆದೆಳೆದು ಬಂತು, ದನಿ ದಪ್ಪಗಿತ್ತು. ಅಮ್ಮ ತಲೆ ಎತ್ತಿದಳು.

"ಇದು ನನ್ನ ಶ್ರುತಿ ಅಲ್ವಲ್ಲಾ. ಇಷ್ಟು ಕೆಳಗೆ ನಾನು ಯಾವತ್ತೂ ಹಾಡಿಲ್ಲ."

ಭಾವ ನಕ್ಕರು. "ನಿಮಗೆ ಮರ್ತುಹೋಗಿರುತ್ತೆ ಅತ್ತೆ. ಕಂಪ್ಯೂಟರು ಮರೆಯಲ್ಲ."

"ಸ್ಯಾಂಪ್ಲಿಂಗ್ ರೇಟು ಚೆಕ್ ಮಾಡಿದ್ರಾ ಭಾವ?" ಎಂದೆ.

"ಎಲ್ಲಾ ಆಟೋಮ್ಯಾಟಿಕ್ಕು ಕಣಮ್ಮ," ಎಂದು ಬಜ್ಜಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಅಕ್ಕ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದಳು. ಅಳಿಯನಿಗೆ ನಾಲ್ಕು ಜನರ ಎದುರು ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆ. ಆದರೆ ಮುಂದಿನ ಶನಿವಾರ ನಮ್ಮ ಮನೆಗೆ ಅಮ್ಮನ ಸಂಗೀತ ಪಾಠಕ್ಕೆ ಮಕ್ಕಳು ಬಂದಾಗ, ಅಮ್ಮ ಶ್ರುತಿಪೆಟ್ಟಿಗೆಯ ತಿರುಪನ್ನು ಕೆಳಕ್ಕೆ ಇಳಿಸುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಅವಳ ಶ್ರುತಿ ಕದಲಿದ್ದಿಲ್ಲ. ಒಬ್ಬ ಹುಡುಗಿ "ಟೂ ಲೋ, ಅಜ್ಜಿ" ಎಂದು ಕೆಮ್ಮಿದಳು. ಅಮ್ಮ ಅವರನ್ನೆಲ್ಲ ಮನೆಗೆ ಕಳಿಸಿಬಿಟ್ಟಳು.

"ಯಾಕಮ್ಮ?"

"ಅಳಿಯಂದ್ರು ಹೇಳಿದ್ದೇ ಸರಿ ಇರ್ಬೇಕು. ನಂಗೇ ಅರಳುಮರಳು."

ನನ್ನ ಪಿತ್ತ ನೆತ್ತಿಗೇರಿತು. ಕಾರು ತೆಗೆದವಳೇ ಭಾವನ ಗ್ಯಾರೇಜಿಗೆ ನುಗ್ಗಿದೆ. ಟರ್ನ್‌ಟೇಬಲ್ಲಿನ ಮೇಲೆ ಪ್ಲೇಟು, ಪಕ್ಕದಲ್ಲಿ ಫೈಲು, ಎರಡನ್ನೂ ಒಟ್ಟಿಗೇ ಶುರು ಮಾಡಿದೆ. ಪಲ್ಲವಿ ಮುಗಿಯುವಷ್ಟರಲ್ಲೇ ಫೈಲು ಹಿಂದೆ ಬಿದ್ದಿತ್ತು. ಪ್ಲೇಟು ಹಾಡಿ ಮುಗಿಸಿದ ಮೇಲೂ ಅದು ಎಳೆಯುತ್ತಲೇ ಇತ್ತು.

ಸೆಟ್ಟಿಂಗು ತೆಗೆದು ನೋಡಿದರೆ ಸ್ಯಾಂಪ್ಲಿಂಗ್ ರೇಟೇ ತಪ್ಪಿತ್ತು: ಯಂತ್ರ ಸೆಕೆಂಡಿಗೆ ನಲವತ್ತೆಂಟು ಸಾವಿರ ತುಣುಕಿನಂತೆ ದನಿಯನ್ನು ಹಿಡಿದಿತ್ತು. ಭಾವನ ಸಾಫ್ಟ್‌ವೇರು ಅದನ್ನು ನಲವತ್ತನಾಲ್ಕು ಸಾವಿರದ ನೂರರಂತೆ ನುಡಿಸುತ್ತಿತ್ತು. ಹಾಡು ನಿಧಾನವಾಗಿ, ಶ್ರುತಿ ಕೆಳಗಿಳಿದಿತ್ತು. ಒಂದು ಸಲ ಪ್ಲೇಟಿನ ಪಕ್ಕದಲ್ಲಿಟ್ಟು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳುವ ವ್ಯವಧಾನ ಯಾರಿಗಿದೆ? ಮುದುಕಿಗೆ ಮರೆವು ಅಂದುಬಿಡುವುದು ಸುಲಭ.

"ಓ, ಸಣ್ಣ ಸೆಟ್ಟಿಂಗು. ಸರಿ ಮಾಡಿದ್ರಾಯ್ತು," ಎಂದರು ಭಾವ.

"ಸಣ್ಣದಲ್ಲ ಭಾವ. ಅಮ್ಮನ ಹತ್ರ ಬಂದು ನಿಮ್ಮ ಬಾಯಲ್ಲೇ ಹೇಳಿ."

ಶನಿವಾರವೂ ಅವರಿಗೆ ಮೀಟಿಂಗು ಇತ್ತಂತೆ! ಸರಿಮಾಡಿದ ಫೈಲು ಮಾತ್ರ ಬಂತು.

ಅಮ್ಮನಿಗೆ ಕೇಳಿಸಿದೆ, ಆಗಿದ್ದನ್ನೆಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸಿದಳು. ಶ್ರುತಿಪೆಟ್ಟಿಗೆಯನ್ನು ಎಳೆದುಕೊಂಡು ತಿರುಪನ್ನು ಮೆಲ್ಲಗೆ ಮೇಲೇರಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇಲ್ಲಿಗೆ ಸರೀನಾ, ನೋಡೇ."

ಶ್ರುತಿಯ ವಿಷಯದಲ್ಲಿ ಅಮ್ಮ ಯಾರನ್ನೂ ಕೇಳಿದವಳಲ್ಲ. ಈಗ ನನ್ನನ್ನು ಕೇಳುತ್ತಿದ್ದಳು, ಚಿಕ್ಕಂದಿನಲ್ಲಿ ಅವಳ ಪಾಠ ತಪ್ಪಿಸಿಕೊಂಡು ಓಡುತ್ತಿದ್ದ ನನ್ನನ್ನು.