ವಾಸ್ತುವಿಗೆ ಮೊದಲೇ ಉಕ್ಕಿದ ಹಾಲು

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಅಕ್ಕೋಳದಲ್ಲಿ ನಮ್ಮ ಹೊಸ ಮನೆ ಮುಗಿಯುತ್ತ ಬಂದಿತ್ತು. ಮಗ ಬಸವರಾಜ ಹಟ ಹಿಡಿದು ಮಣ್ಣು ಒತ್ತಿದ ಇಟ್ಟಂಗಿಯಲ್ಲೇ ಕಟ್ಟಿಸಿದ. ಇದನ್ನು ಭಟ್ಟಿಯಲ್ಲಿ ಸುಡುವುದಿಲ್ಲ, ಕಟ್ಟಿಗೆಗಾಗಿ ಗಿಡ ಕಡಿಯಬೇಕಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಇಟ್ಟಂಗಿ ಒತ್ತಿ ಗೋಡೆ ಏರಿಸಿದವರು ಹಳಿಯಾಳ ಕಡೆಯ ಸಿದ್ದಿ ಜನ. ಗಂಗಾ, ಅವಳ ಗಂಡ, ಅವಳ ತಮ್ಮ. ಕಪ್ಪು ಮೈ, ಗುಂಗುರು ಕೂದಲು ನೋಡಿ ನಮ್ಮೂರವರು ಪರದೇಶದವರೆಂದು ತಿಳಿದರು. ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶಾಂತಾ, ಅವರನ್ನು ಹಿಂದಿಯಲ್ಲಿ ಗದರಿಸಿದಳು.

“ಕನ್ನಡದಾಗ ಬೈರಿ ಅಕ್ಕಾರ, ತಿಳಿತೈತಿ,” ಎಂದಳು ಗಂಗಾ.

ಬಾಡಿಗೆಗೆ ಖೋಲಿ ಮಾತ್ರ ಯಾರೂ ಕೊಡಲಿಲ್ಲ. ಖಾಲಿ ಇದ್ದವರೂ ಇಲ್ಲ ಎಂದರು. ಮೂವರೂ ನಮ್ಮ ಅಂಗಳದಲ್ಲೇ ತಾಡಪತ್ರಿ ಕಟ್ಟಿಕೊಂಡು ಇದ್ದರು.

ಒಂದು ಸಂಜೆ ಗಾಳಿ ಮಳೆಗೆ ಆ ತಾಡಪತ್ರಿ ಹರಿಯಿತು. ಹಾಸಿಗೆ, ಹಿಟ್ಟು ಎಲ್ಲ ತೊಯ್ದವು. ಗಂಗಾ ಗಂಟು ಕಟ್ಟತೊಡಗಿದಳು.

“ಊರಿಗೆ ಹೋಗ್ತೀವ್ರಿ ಆಯಿ. ಇನ್ನ ಆಗೂದಿಲ್ಲ.”

“ಹೊಸಾ ಮನ್ಯಾಗ ನಡೀರಿ,” ಎಂದೆ.

ಶಾಂತಾ ಅಡ್ಡ ಬಂದಳು. “ವಾಸ್ತುಶಾಂತಿ ಆಗಿಲ್ಲ, ಹಾಲು ಉಕ್ಕಿಲ್ಲ. ಅದಕ್ಕೂ ಮೊದಲ ಮಲಗಸ್ತೀ? ಅದೂ ಇವರನ್ನ?”

ಬಸವರಾಜನೂ ತಲೆ ಕೆರೆದುಕೊಂಡ. “ಬೀಗರು ಏನಂತಾರವ್ವ?”

“ಗಿಡಕ್ಕ ಮರಗ್ತೀ. ಮನಷ್ಯಾರು ತೊಯ್ದರ ನಡೀತೈತೇನ ನಿನಗ?” ಎಂದೆ.

ಹಾಲು ಉಕ್ಕಬೇಕು, ಅಷ್ಟೇ ತಾನೇ? ಆಗಷ್ಟೇ ಕರೆದ ಎಮ್ಮೆ ಹಾಲು ತಂದೆ. ಹೊಸ ಅಡುಗೆಮನೆಯಲ್ಲಿ ಮೂರು ಇಟ್ಟಂಗಿ ಇಟ್ಟು ಒಲೆ ಹೂಡಿ ಕಡ್ಡಿಪೆಟ್ಟಿಗೆಯನ್ನು ಗಂಗಾಳ ಕೈಗೆ ಕೊಟ್ಟೆ.

“ನಾ ಹಚ್ಚಲೇನ್ರಿ?”

“ಗೋಡಿ ಕಟ್ಟುಮುಂದ ಕೇಳಿದ್ದೇನ? ಹಚ್ಚ.”

ಹಾಲು ಉಕ್ಕಿ ಒಲೆಗೆ ಚೆಲ್ಲಿತು. ನನ್ನ ಪಾಲಿಗೆ ವಾಸ್ತು ಆಯಿತು. ಮೂವರೂ ಒಳಗೆ ಮಲಗಿದರು. ಶಾಂತಾ ಆಮೇಲೆ ಊರವರನ್ನು ಕರೆದು ಹಾಕಿಸಿದ ವಾಸ್ತು ಊಟಕ್ಕೂ ಬರಲಿಲ್ಲ. ಬರದಿದ್ದರೆ ಬಿಡಲಿ, ಹೋಳಿಗೆ ಉಳಿದವು.

ಕೆಲಸ ಮುಗಿಸಿ ಅವರು ಹತ್ತಿರದ ಬೇಡಕಿಹಾಳಕ್ಕೆ ಹೋದರು. ಅಲ್ಲಿ ಯಾರೋ ನಮ್ಮ ಮನೆ ನೋಡಿ ಮೆಚ್ಚಿ ಅಂಥದೇ ಕಟ್ಟಿಸುತ್ತಿದ್ದರು. ಹೋದ ದಿನವೇ ಗಂಗಾಳ ಫೋನು.

“ಆಯಿ, ಇಲ್ಲೂ ಖೋಲಿ ಇಲ್ಲಂತ.”

“ಬಸ್ ಹತ್ತಿ ಬಾ,” ಎಂದೆ. ಆ ಮನೆ ಮುಗಿಯುವ ತನಕ ಮೂವರೂ ನಮ್ಮಲ್ಲಿಂದಲೇ ಹೋಗಿ ಬಂದರು.

ಜನ ನನಗೆ ದೊಡ್ಡ ಮನಸ್ಸು ಎನ್ನುತ್ತಾರೆ. ದೊಡ್ಡದೇನಿಲ್ಲ, ಜಾಗ ಇತ್ತು. ಈಗ ಅವರ ಕೆಲಸ ಅಥಣಿ ಕಡೆಗಂತೆ. ಅಷ್ಟು ದೂರದಿಂದ ದಿನಾ ಬರಲಾಗುವುದಿಲ್ಲ. ಗೋಡೆ ಮೆಚ್ಚುವವರು ಅಲ್ಲಿಯೂ ಸಿಗುತ್ತಾರೆ. ಬಾಗಿಲು ಯಾರು ತೆಗೆಯುತ್ತಾರೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.