ಹಸುವಿನ ಪಕ್ಕದ ಸ್ಟೂಲು

ಹಳ್ಳಿ ಹೆಂಗಸರ ಮಂಡಿನೋವಿನ ಬಗ್ಗೆ ಸಂಶೋಧನೆ ಮಾಡುವ ನಳಿನಾಕ್ಷಿ, ಹದಿಮೂರು ವರ್ಷದಿಂದ ಮುಳಬಾಗಿಲು ಕಡೆಯ ಬಸ್ಸುಗಳಲ್ಲಿ ನಿಂತು ನಿಂತು ಹೈರಾಣಾಗಿದ್ದಳು. ಮೊದಮೊದಲು ‘ನೋವು ಹತ್ತರಲ್ಲಿ ಎಷ್ಟು?’ ಎಂದು ಕೇಳುತ್ತಿದ್ದಳು. ‘ನೀವೇ ಏನಾದ್ರೂ ಒಂದು ಬರ್ಕೊಳ್ಳಿ ಮೇಡಂ’ ಎನ್ನುತ್ತಿದ್ದರು ಹೆಂಗಸರು. ಆಮೇಲೆ ಅವರ ಬದುಕಿನಿಂದಲೇ ಹೊಸ ಪ್ರಶ್ನೆಯೊಂದನ್ನು ಆರಿಸಿಕೊಂಡಳು: ಈಗಲೂ ನೀವೇ ಹಾಲು ಕರೀತೀರಾ? ಮಂಡಿ ಕೆಟ್ಟವರಿಗೆ ಕುಕ್ಕರಗಾಲಲ್ಲಿ ಕೂರಲಾಗದು, ಕರೆಯಲೂ ಆಗದು ಎಂಬುದು ಅವಳ ಲೆಕ್ಕಾಚಾರ. ನಾನ್ನೂರು ಮನೆಗಳಲ್ಲಿ ಬಹುತೇಕ ಎಲ್ಲರೂ ಹೂಂ ಎಂದಿದ್ದರು. ಮಂಡಿಗಳು ಗಟ್ಟಿಯಾಗಿವೆ ಎಂದು ವರದಿಯೂ ಹೋಗಿತ್ತು.

ಅಂದು ದೇವರಾಯಸಮುದ್ರ ಹಳ್ಳಿಯಲ್ಲಿ, ಹಾಗೆ ಹೂಂ ಎಂದವರಲ್ಲೊಬ್ಬಳಾದ ಶ್ಯಾಮಲಮ್ಮನ ಕೊಟ್ಟಿಗೆಯ ಕಂಬಕ್ಕೊರಗಿ ಬರೆಯುತ್ತಿದ್ದಳು.

“ಕೂತ್ಕೊಳ್ಳಿ ಮೇಡಂ.”

“ಮಂಡಿ ಮಡಚೋಕಾಗಲ್ಲ ಶ್ಯಾಮಲಮ್ಮ.”

“ನಂಗೆ ಮಾತ್ರ ಆಗ್ತದಾ?” ಶ್ಯಾಮಲಮ್ಮ ಹಸುವಿನ ಪಕ್ಕದಿಂದ ಗಿಡ್ಡ ಸ್ಟೂಲೊಂದನ್ನು ಎಳೆದು ತಂದಳು. “ಮೂರು ವರ್ಷದಿಂದ ಇದ್ರ ಮೇಲೇ ಕೂತು ಕರೆಯೋದು. ಈ ಬೀದೀಲಿ ಎಲ್ರ ಮನೇಲೂ ಇದೆ.”

“ಅಯ್ಯೋ, ಹೇಳ್ಲೇ ಇಲ್ವಲ್ರೀ!”

“ಕರೀತೀರಾ ಅಂದ್ರಿ, ಹೂಂ ಅಂದೆ. ನೋವು ಅಂತ ಹಾಲು ಕರೀದೇ ಇದ್ರೆ ಡೈರಿಗೆ ಏನ್ ಹಾಕೋದು?”

ನಳಿನಾಕ್ಷಿ ಸ್ಟೂಲಿನ ಮೇಲೆ ಕುಸಿದು ಕೂತಳು. ಮಂಡಿಗೆ ಹಾಯೆನಿಸಿತು. ನಾಳೆಯಿಂದ ಮತ್ತೆ ನಾನ್ನೂರು ಮನೆ.